ಹಂದಿಗೋಡಿನ ಕಾಯಿಲೆಗೆ ಹೆಸರಿಟ್ಟವರು

1977ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧದ ತಲೆಬರಹವನ್ನು ಕನ್ನಡಕ್ಕೆ ತಂದರೆ 'ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ' ಎಂದಾಗುತ್ತದೆ. ಬರೆದವರು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ರಮೇಶ್ ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ. ಸಾರ್ವಜನಿಕ ಆರೋಗ್ಯದ ಇತಿಹಾಸ ಓದುತ್ತಿರುವ ನನಗೆ ಈ ತಲೆಬರಹದ ಒಂದೊಂದು ಪದವೂ ಒಂದೊಂದು ವಾದದಂತೆ ಕಾಣುತ್ತದೆ. ಮುಂದಿನ ಎರಡು ದಶಕಗಳಲ್ಲಿ ಅವುಗಳಲ್ಲಿ ಒಂದು ಪದ ಬಿದ್ದುಹೋಯಿತು, ಒಂದು ನಿಂತಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನಲ್ಲಿ ಈ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮೊಣಕಾಲುಗಳಲ್ಲಿ ನೋವು ಶುರುವಾಗಿ ನಡಿಗೆ ಓಲಾಡುತ್ತದೆ. ಕೋಲು ಬೇಕಾಗುತ್ತದೆ. ಕೆಲವರು ಕೊನೆಗೆ ತೆವಳುವ ಸ್ಥಿತಿಗೆ ಬರುತ್ತಾರೆ. ಇದಕ್ಕೆ ತುತ್ತಾದವರು ಹೆಚ್ಚಾಗಿ ಚನ್ನಂಗಿ, ಚಲವಾದಿ ಸಮುದಾಯಗಳ ದಲಿತರು. ಇನ್ನೊಬ್ಬರ ಗದ್ದೆಯಲ್ಲಿ ದುಡಿದು ಬದುಕುವವರಿಗೆ ಸೊಂಟ ಹೋಯಿತೆಂದರೆ ಕೂಲಿಯೂ ಹೋದಂತೆ.

ಭಟ್ ಮತ್ತು ಕೃಷ್ಣಮಾಚಾರಿ ಮಲೆನಾಡಿಗೆ ಬರುವ ಹೊತ್ತಿಗೆ ಏನನ್ನು ಕಂಡಿದ್ದರು ಎಂಬುದು ಮುಖ್ಯ. ಫ್ಲೋರೈಡ್ ಹೆಚ್ಚಿರುವ ಪ್ರದೇಶಗಳಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ತೊಂದರೆಯನ್ನು ಕೃಷ್ಣಮಾಚಾರಿ 1973ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಕಾಮಾಲೆಯಂಥ ಕಾಯಿಲೆಯಿಂದ 100ಕ್ಕೂ ಹೆಚ್ಚು ಜನ ಸತ್ತಾಗ, ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಕಾರಣವೆಂದು ತೋರಿಸಿದವರಲ್ಲಿ ಇವರಿಬ್ಬರೂ ಇದ್ದರು. ಬಡವರ ತಟ್ಟೆ, ಬಡವರ ಬಾವಿ: ಕಾಯಿಲೆಯ ಬೇರನ್ನು ಅಲ್ಲಿ ಹುಡುಕಿ ಗೆದ್ದ ಸಂಶೋಧಕರು ಇವರು.

ಹಂದಿಗೋಡಿನಲ್ಲೂ ಅಂಥದೇ ಒಂದು ಕಥೆ ಸಿದ್ಧವಾಗಿತ್ತು. ಹೊಸ ಬತ್ತದ ತಳಿಗಳ ಜೊತೆ ಎಂಡ್ರಿನ್‌ನಂಥ ಕೀಟನಾಶಕ ಗದ್ದೆಗೆ ಬಂದಿತ್ತು. ಕೂಲಿಕಾರರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ವಿಷ ನೀರಿನಿಂದ ಏಡಿಗೆ, ಏಡಿಯಿಂದ ಮನುಷ್ಯರ ಕೀಲಿಗೆ ಬಂತು ಎಂಬ ಊಹೆ ಪತ್ರಿಕೆಗಳಲ್ಲೂ ಪರಿಸರವಾದಿಗಳ ಬರಹಗಳಲ್ಲೂ ಬೇಗ ಹರಡಿತು. ಏಡಿ ತಿನ್ನದ ಗದ್ದೆ ಒಡೆಯರ ಮನೆಗಳಿಗೆ ಕಾಯಿಲೆ ಬಾರದಿರುವುದಕ್ಕೂ ಅದರಲ್ಲಿ ಉತ್ತರವಿತ್ತು. ಇಂದಿಗೂ ಈ ಕಾಯಿಲೆ ಎಂದರೆ ಏಡಿಯ ಕಥೆಯನ್ನೇ ಹೇಳುವವರಿದ್ದಾರೆ. ಅದರಲ್ಲಿ ಒಬ್ಬ ಅಪರಾಧಿ ಇದ್ದಾನಲ್ಲ, ಅದಕ್ಕೇ ಬಾಳಿಕೆ ಹೆಚ್ಚು.

ಆದರೆ ತಲೆಬರಹದಲ್ಲೇ 'ಕೌಟುಂಬಿಕ' ಎಂಬ ಪದ ಕೂತಿತ್ತು. ಸುದ್ದಿ ಬರೆದವರು ಅದನ್ನು ದಾಟಿಕೊಂಡು ಹೋದರು ಎಂದೇ ನನ್ನ ಅನಿಸಿಕೆ. ಮುಂದೆ ಆ ಎಳೆಯನ್ನು ಹಿಡಿದವರು ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು. ವಂಶಾವಳಿಗಳನ್ನೂ ಎಕ್ಸ್‌ರೇಗಳನ್ನೂ ಜೊತೆಗಿಟ್ಟು ನೋಡಿದಾಗ ಇದು ತಂದೆ ಅಥವಾ ತಾಯಿಯಿಂದ ಇಳಿದು ಬರುವ ಪ್ರಬಲ ಜೀನಿನ ತೊಂದರೆ ಎಂದು ಕಂಡಿತು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬೆನ್ನುಮೂಳೆ ಮತ್ತು ಉದ್ದಮೂಳೆಗಳ ತುದಿಗಳು ಬೆಳೆಯುವ ರೀತಿಯಲ್ಲೇ ದೋಷ. ವೈದ್ಯರು ಇದನ್ನು ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಸರಿಯಾಗಿ ರೂಪುಗೊಳ್ಳದ ಕೀಲು ಭಾರ ಹೊತ್ತು ಹೊತ್ತು ಸವೆಯುತ್ತದೆ. ಅಂದರೆ 'ಸಂಧಿವಾತ' ಕಾಯಿಲೆಯ ಆರಂಭವಲ್ಲ, ಅದು ತಲುಪುವ ಕೊನೆ. ಮಾತ್ರೆ ನೋವನ್ನು ತಗ್ಗಿಸೀತು, ಮೂಳೆಯ ಆಕಾರವನ್ನು ತಿದ್ದಲಾರದು.

ಹೀಗೆ ಅಪರಾಧಿ ಮಾಯವಾದ. ಕೀಟನಾಶಕವೆಂದರೆ ಕಂಪನಿಯನ್ನು, ಸರ್ಕಾರವನ್ನು ಕೇಳಬಹುದು. ಜೀನನ್ನು ಯಾರೂ ಪ್ರಶ್ನಿಸುವಂತಿಲ್ಲ, ಬೇಕಿದ್ದರೆ ಹಣೆಬರಹ ಎನ್ನಬಹುದು. ನನಗೆ ಈ ಸಮಾಧಾನ ಒಪ್ಪಿಗೆಯಾಗುವುದಿಲ್ಲ. ಪ್ರಬಲ ಜೀನು ದಾಟಲು ರಕ್ತಸಂಬಂಧದ ಮದುವೆಯೇನೂ ಬೇಕಿಲ್ಲ, ನಿಜ. ಆದರೆ ಜಾತಿಯ ಹೊರಗೆ ಹೆಣ್ಣು ಕೊಡದ, ತರದ ವ್ಯವಸ್ಥೆಯಲ್ಲಿ ಅದು ಕೆಲವೇ ಮನೆಗಳ ನಡುವೆ ಸುತ್ತುತ್ತಾ ಉಳಿಯುತ್ತದೆ. ಗದ್ದೆ ಒಡೆಯರ ಮನೆಗೆ ಕಾಯಿಲೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಏಡಿ ಕೊಟ್ಟ ಉತ್ತರ ತಪ್ಪಿರಬಹುದು. ಆದರೆ ಜೀನು ಕೊಡುವ ಉತ್ತರದಲ್ಲೂ ಜಾತಿ ಇದೆ.

ಇನ್ನು ಹೆಸರು. ಸೈಬೀರಿಯಾ ಮತ್ತು ಚೀನಾದ ಹಳ್ಳಿಗರನ್ನು ಕಾಡಿದ ಕೀಲುರೋಗಕ್ಕೆ ಕಾಶಿನ್-ಬೆಕ್ ಎಂಬ ಇಬ್ಬರು ರಷ್ಯನ್ ವೈದ್ಯರ ಹೆಸರಿದೆ. ದಕ್ಷಿಣ ಆಫ್ರಿಕಾದ ಇಂಥದೇ ರೋಗಕ್ಕೆ ಮ್ಸೆಲೇನಿ ಎಂಬ ಊರಿನ ಹೆಸರು. ನಮ್ಮದಕ್ಕೆ 'ಹಂದಿಗೋಡು ಕಾಯಿಲೆ'. ಭಟ್ ಮತ್ತು ಕೃಷ್ಣಮಾಚಾರಿ ತಲೆಬರಹದಲ್ಲಿ ಬರೆದದ್ದು 'ಮಲೆನಾಡು' ಎಂದು. ಊರು ಆಮೇಲೆ ಅಂಟಿಕೊಂಡಿತು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿಗೆ 1957ರಲ್ಲೇ ಹೀಗಾಗಿತ್ತು. ಮಂಗನ ಕಾಯಿಲೆಯ ಪುಸ್ತಕದ ಹೆಸರಿನಲ್ಲಿ ಆ ಕಾಡಿದೆ. ಹೊಸ ರೋಗಗಳಿಗೆ ಊರಿನ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಆಗ ಹಂದಿಗೋಡಿನ ಹೆಸರು ವೈದ್ಯಕೀಯ ಪತ್ರಿಕೆಗಳಲ್ಲಿ ಬೇರೂರಿ ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಮದುವೆಯ ಮಾತುಕತೆಯಲ್ಲಿ ತನ್ನ ಊರು ಯಾವುದೆಂದು ಹೇಳಲೇಬೇಕಲ್ಲ.