ರಾಷ್ಟ್ರಗೀತೆ ಪ್ರಕರಣ ಮತ್ತು ಮನಸ್ಸಾಕ್ಷಿಯ ಸ್ವಾತಂತ್ರ್ಯ: ಒಂದು ಚಾರಿತ್ರಿಕ ಅವಲೋಕನ

1986ರ ಆಗಸ್ಟ್ 11ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ನೀಡಿದ ಒಂದು ತೀರ್ಪು 'ರಾಷ್ಟ್ರಗೀತೆ ಪ್ರಕರಣ' ಎಂಬ ಹೆಸರಿನಿಂದ ಕಾನೂನು ವಿದ್ಯಾರ್ಥಿಗಳಿಗೆ ಚಿರಪರಿಚಿತವಾಗಿದೆ. ದೈವಶಾಸ್ತ್ರದ ತರಗತಿಗಳಲ್ಲಿಯೂ ಅದು ಅಧ್ಯಯನಕ್ಕೆ ಯೋಗ್ಯವಾದುದೆಂಬುದು ನಮ್ಮ ಅಭಿಪ್ರಾಯ. ಸಂವಿಧಾನದ 25ನೇ ವಿಧಿಯ ಬಗ್ಗೆ ಮಾತನಾಡುವಾಗ ನಮ್ಮ ಮನಸ್ಸು ಸಹಜವಾಗಿಯೇ ನಮ್ಮ ದೇವಾಲಯಗಳ, ನಮ್ಮ ಸಂಸ್ಥೆಗಳ, ನಮ್ಮ ಶುಭಸಂದೇಶ ಪ್ರಸಾರದ ಕಡೆಗೆ ಹೊರಳುತ್ತದೆ. ಆದರೆ ಆ ವಿಧಿಯ ಆಳವನ್ನು ತೋರಿಸಿಕೊಟ್ಟ ಈ ಪ್ರಕರಣದಲ್ಲಿ ರಕ್ಷಣೆ ಕೋರಿದವರು ಯೆಹೋವನ ಸಾಕ್ಷಿಗಳು. ಪರಮ ತ್ರಿತ್ವವನ್ನು ಒಪ್ಪದ, ನಮ್ಮ ವಿಶ್ವಾಸದ ದೃಷ್ಟಿಯಲ್ಲಿ ಸತ್ಯದಿಂದ ದೂರ ಸರಿದಿರುವ ಒಂದು ಚಿಕ್ಕ ಪಂಗಡದವರು. ಅವರ ಹಕ್ಕು ನಮಗೆ ಏನಾಗಬೇಕು? ಈ ಪ್ರಶ್ನೆಗೆ ಚರಿತ್ರೆಯಿಂದ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಘಟನೆಯ ಸ್ವರೂಪ ಸರಳವಾದುದು. ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಶಾಲೆಯೊಂದರಲ್ಲಿ ಹತ್ತು, ಒಂಬತ್ತು ಮತ್ತು ಐದನೇ ತರಗತಿಗಳಲ್ಲಿ ಓದುತ್ತಿದ್ದ ಒಂದೇ ಕುಟುಂಬದ ಮೂವರು ಮಕ್ಕಳು ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಗೀತೆಯ ಪದಗಳಿಗಾಗಲಿ ರಾಗಕ್ಕಾಗಲಿ ಅವರ ಆಕ್ಷೇಪವಿರಲಿಲ್ಲ. ದೇವರ ಹೊರತು ಬೇರಾವುದಕ್ಕೂ ಅಂತಹ ಸ್ತುತಿ ಸಲ್ಲದೆಂಬುದು ಅವರ ನಂಬಿಕೆಯಾಗಿತ್ತು. ಹೀಗೆ ವರ್ಷಗಳೇ ಕಳೆದಿದ್ದವು. 1985ರ ಜುಲೈಯಲ್ಲಿ ಶಾಸಕರೊಬ್ಬರು ಇದನ್ನು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣೆಗೆ ನೇಮಕವಾದ ಆಯೋಗವು ಮಕ್ಕಳಿಂದ ರಾಷ್ಟ್ರಗೀತೆಗೆ ಅಗೌರವವಾಗಿಲ್ಲವೆಂದೇ ವರದಿ ಮಾಡಿತು. ಆದರೂ ಶಿಕ್ಷಣಾಧಿಕಾರಿಯ ಸೂಚನೆಯ ಮೇರೆಗೆ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿಯೂ ವಿಭಾಗೀಯ ಪೀಠದಲ್ಲಿಯೂ ಅವರಿಗೆ ಪರಿಹಾರ ದೊರೆಯಲಿಲ್ಲ.

ಇಂತಹ ಪ್ರಕರಣ ಪ್ರಜಾಪ್ರಭುತ್ವಗಳ ಚರಿತ್ರೆಯಲ್ಲಿ ಮೊದಲನೆಯದಲ್ಲ. ಸರ್ವೋಚ್ಚ ನ್ಯಾಯಾಲಯವು ಪರಿಶೀಲಿಸಿದ ವಿದೇಶಿ ತೀರ್ಪುಗಳಲ್ಲಿ ಅಮೆರಿಕದ ಎರಡು ತೀರ್ಪುಗಳು ಮುಖ್ಯವಾಗಿದ್ದವು. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಗಣಿ ಪಟ್ಟಣದಲ್ಲಿ 1935ರಲ್ಲಿ ಇದೇ ಪಂಗಡದ ಇಬ್ಬರು ಮಕ್ಕಳು ಧ್ವಜವಂದನೆ ಮಾಡಲೊಪ್ಪದೆ ಶಾಲೆಯಿಂದ ಹೊರಬಿದ್ದರು. 1940ರ ಜೂನ್ 3ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಎಂಟಕ್ಕೆ ಒಂದರ ಬಹುಮತದಿಂದ ಶಾಲೆಯ ಕ್ರಮವನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಐಕ್ಯವೇ ರಾಷ್ಟ್ರದ ಭದ್ರತೆಗೆ ಆಧಾರವೆಂಬುದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ವಾದವಾಗಿತ್ತು. ತೀರ್ಪಿನ ಬೆನ್ನಿಗೇ ಹಲವು ಊರುಗಳಲ್ಲಿ ಯೆಹೋವನ ಸಾಕ್ಷಿಗಳ ಮೇಲೆ ಹಲ್ಲೆಗಳು ನಡೆದವು. ಮೇಯ್ನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಪ್ರಾರ್ಥನಾಲಯಕ್ಕೆ ಬೆಂಕಿಯಿಡಲಾಯಿತು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಮಹಾಯುದ್ಧ ನಡೆಯುತ್ತಿರುವಾಗಲೇ, ಅದೇ ನ್ಯಾಯಾಲಯವು ವೆಸ್ಟ್ ವರ್ಜೀನಿಯಾದ ಪ್ರಕರಣದಲ್ಲಿ ತನ್ನ ನಿಲುವನ್ನು ಬದಲಿಸಿತು. ಮೂಲಭೂತ ಹಕ್ಕುಗಳು ಚುನಾವಣೆಯ ಫಲಿತಾಂಶಕ್ಕೆ ಅಧೀನವಲ್ಲವೆಂದು ನ್ಯಾಯಮೂರ್ತಿ ಜಾಕ್ಸನ್ ಬಹುಮತದ ಪರವಾಗಿ ಸಾರಿದರು.

ಈ ಕಥೆಯಲ್ಲಿ ಕಥೋಲಿಕರ ಪಾತ್ರವೂ ಇದೆ. ಮೈನರ್ಸ್‌ವಿಲ್ ಬಹುಪಾಲು ಕಥೋಲಿಕರೇ ನೆಲೆಸಿದ್ದ ಊರು. ಅದಕ್ಕೆ ಹದಿನೈದು ವರ್ಷಗಳ ಹಿಂದೆಯಷ್ಟೇ ಅಮೆರಿಕದ ಕಥೋಲಿಕರು ಇದೇ ನ್ಯಾಯಾಲಯದ ಆಶ್ರಯ ಪಡೆದಿದ್ದರು. ಆರೆಗಾನ್ ರಾಜ್ಯವು ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು 1922ರಲ್ಲಿ ಕಾನೂನು ಮಾಡಿದಾಗ, ಕನ್ಯಾಸ್ತ್ರೀಯರ ಒಂದು ಸಭೆ ಅದನ್ನು ಪ್ರಶ್ನಿಸಿ 1925ರಲ್ಲಿ ಜಯ ಗಳಿಸಿತ್ತು. 'ಒಂದೇ ಬಗೆಯ ನಾಗರಿಕರನ್ನು ರೂಪಿಸಬೇಕು' ಎಂಬ ಒತ್ತಾಯದಿಂದ ಪಾರಾಗಿದ್ದ ಸಮುದಾಯವೇ ಪ್ರಬಲವಾಗಿದ್ದ ಊರಿನಲ್ಲಿ ಇಬ್ಬರು ಮಕ್ಕಳು ಅದೇ ಒತ್ತಾಯಕ್ಕೆ ಗುರಿಯಾದರು. ಕಥೋಲಿಕರಾಗಿದ್ದ ನ್ಯಾಯಮೂರ್ತಿ ಫ್ರಾಂಕ್ ಮರ್ಫಿ 1940ರಲ್ಲಿ ಬಹುಮತದೊಂದಿಗೆ ಸೇರಿದ್ದರು. 1942ರಲ್ಲಿಯೇ ಆ ತೀರ್ಪು ತಪ್ಪೆಂದು ಬಹಿರಂಗವಾಗಿ ಹೇಳಿ, ಮರುವರ್ಷ ಮಕ್ಕಳ ಪರವಾಗಿ ನಿಂತರು.

ಮರ್ಫಿಯವರ ಈ ಮನಃಪರಿವರ್ತನೆಯನ್ನು ಧರ್ಮಸಭೆಯ ಬೋಧನೆಯೂ ಹೆಚ್ಚು ದೀರ್ಘವಾದ ಹಾದಿಯಲ್ಲಿ ಅನುಭವಿಸಬೇಕಾಯಿತು. 'ತಪ್ಪು ಬೋಧನೆಗೆ ಹಕ್ಕಿಲ್ಲ' ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಕಥೋಲಿಕ ದೈವಶಾಸ್ತ್ರಜ್ಞರ ಸಾಮಾನ್ಯ ಸೂತ್ರವಾಗಿತ್ತು. ಪೋಪ್ ಒಂಬತ್ತನೆಯ ಪಿಯುಸರು 1864ರಲ್ಲಿ ಪ್ರಕಟಿಸಿದ ಭ್ರಾಂತಿಗಳ ಪಟ್ಟಿ ಆ ಕಾಲದ ಮನೋಧರ್ಮವನ್ನು ತೋರಿಸುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊಸದಾಗಿ ಚಿಂತಿಸಿದ ಅಮೆರಿಕದ ಯೇಸುಸಭೆಯ ಗುರು ಜಾನ್ ಕರ್ಟ್ನಿ ಮರೆ ಅವರು 1950ರ ದಶಕದಲ್ಲಿ ಮೇಲಧಿಕಾರಿಗಳ ಅಪೇಕ್ಷೆಯಂತೆ ಆ ವಿಷಯದ ಬರವಣಿಗೆಯನ್ನು ನಿಲ್ಲಿಸಬೇಕಾಯಿತು. ಅವರೇ ಮುಂದೆ ಎರಡನೇ ವ್ಯಾಟಿಕನ್ ಮಹಾಸಭೆಯ ತಜ್ಞರಾಗಿ, ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. 1965ರ ಡಿಸೆಂಬರ್ 7ರಂದು 2308 ಮತಗಳು ಘೋಷಣೆಯ ಪರವಾಗಿ ಬಂದವು. ವಿರುದ್ಧ ಬಂದವು 70.

ಈ ಘೋಷಣೆಯು ಸತ್ಯವನ್ನೂ ಅಸತ್ಯವನ್ನೂ ಸಮಾನವೆನ್ನಲಿಲ್ಲ. ಹಕ್ಕಿನ ಒಡೆತನ ಯಾರದೆಂಬ ಪ್ರಶ್ನೆಗೆ ಅದು ಉತ್ತರವನ್ನು ಸ್ಪಷ್ಟಪಡಿಸಿತು. ಹಕ್ಕುಗಳು ಸಿದ್ಧಾಂತಗಳಿಗೆ ಸೇರಿದವಲ್ಲ, ವ್ಯಕ್ತಿಗಳಿಗೆ ಸೇರಿದವು. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮಾನವನ ಘನತೆಯೇ ಅವುಗಳ ಬುನಾದಿ. ಆದುದರಿಂದ ಸತ್ಯವನ್ನು ಅರಸುವ ಕರ್ತವ್ಯದಲ್ಲಿ ಹಿಂದೆ ಬಿದ್ದವನಿಗೂ ಬಲಾತ್ಕಾರದಿಂದ ಮುಕ್ತನಾಗಿರುವ ಹಕ್ಕು ಉಳಿಯುತ್ತದೆ. ಸಾರ್ವಜನಿಕ ಸುವ್ಯವಸ್ಥೆಯ ನ್ಯಾಯಯುತ ಮಿತಿಗಳು ಮಾತ್ರ ಅದಕ್ಕೆ ಅನ್ವಯಿಸುತ್ತವೆ. ಈ ಬೋಧನೆಗೆ ಪರಂಪರೆಯಲ್ಲಿ ಬೇರುಗಳಿಲ್ಲವೆಂದು ಭಾವಿಸಬಾರದು. ಕ್ರಿಸ್ತನನ್ನು ವಿಶ್ವಾಸಿಸುವುದೇ ಕೆಡುಕೆಂದು ಒಬ್ಬನ ವಿವೇಕ ತಪ್ಪಾಗಿ ತೀರ್ಮಾನಿಸಿದರೆ, ಆ ತೀರ್ಮಾನಕ್ಕೆ ವಿರುದ್ಧವಾಗಿ ವಿಶ್ವಾಸವನ್ನು ಬಯಸುವುದು ಅವನ ಪಾಲಿಗೆ ದೋಷವಾಗುತ್ತದೆ ಎಂದು ಅಕ್ವಿನಾಸಿನ ಸಂತ ತೋಮಾಸರು ಹದಿಮೂರನೆಯ ಶತಮಾನದಲ್ಲಿಯೇ ಬರೆದಿದ್ದರು. ಕಳೆಯನ್ನು ಕೀಳಲು ಅವಸರಪಟ್ಟ ಆಳುಗಳನ್ನು ಯಜಮಾನನು ತಡೆದ ಸಾಮತಿಯನ್ನು ಮಹಾಸಭೆಯೂ ಸ್ಮರಿಸಿತು.

ನಮ್ಮ ಸಂವಿಧಾನವು ಈ ಘೋಷಣೆಗಿಂತ ಹದಿನೈದು ವರ್ಷಗಳಷ್ಟು ಮುಂಚೆಯೇ ಇದೇ ನೆಲೆಯನ್ನು ತಲುಪಿತ್ತು. 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಮತಗಳಿಗೆ ಕೊಡದೆ 'ಎಲ್ಲ ವ್ಯಕ್ತಿಗಳಿಗೂ' ಸಮಾನವಾಗಿ ಕೊಡುತ್ತದೆ. ಆ ಸಂವಿಧಾನ ರಚನಾಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿ'ಸೋಜಾ ಸದಸ್ಯರಾಗಿದ್ದರು, ಕ್ರೈಸ್ತರಾದ ಎಚ್. ಸಿ. ಮುಖರ್ಜಿ ಉಪಾಧ್ಯಕ್ಷರಾಗಿದ್ದರು. 1949ರ ಮೇ ತಿಂಗಳಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ಬೇಡವೆಂಬ ನಿರ್ಣಯವಾದಾಗ, ನಮ್ಮ ಸಮುದಾಯವು ತನ್ನ ಭವಿಷ್ಯವನ್ನು ಪ್ರತ್ಯೇಕ ಸ್ಥಾನಗಳಿಗೆ ಒಪ್ಪಿಸದೆ, ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ ಹಕ್ಕುಗಳಿಗೆ ಒಪ್ಪಿಸಿತೆಂದೇ ಹೇಳಬೇಕು.

1986ರ ತೀರ್ಪು ಆ ಹಕ್ಕುಗಳ ಬಲವನ್ನು ಪರೀಕ್ಷಿಸಿತು. ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರ ಪೀಠವು ಮೊದಲಿಗೆ ಕಾನೂನನ್ನು ಹುಡುಕಿತು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನು ಇರಲಿಲ್ಲ. 1971ರ ರಾಷ್ಟ್ರಗೌರವ ಕಾಯಿದೆ ಹಾಡುವವರಿಗೆ ಅಡ್ಡಿಪಡಿಸುವುದನ್ನು ಶಿಕ್ಷಿಸುತ್ತದೆ, ಮೌನವಾಗಿ ನಿಲ್ಲುವುದನ್ನಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಶಾಸನದ ಬಲವಿರಲಿಲ್ಲ. ಮೂಲಭೂತ ಹಕ್ಕನ್ನು ಶಾಸನವೊಂದೇ ಮಿತಿಗೊಳಿಸಬಲ್ಲುದು, ಅದೂ ಸಂವಿಧಾನ ಹೇಳಿದ ಕಾರಣಗಳಿಗಾಗಿ ಮಾತ್ರ. ಬಳಿಕ ಪೀಠವು ಇನ್ನೂ ಮುಂದೆ ಹೋಯಿತು. ಒಂದು ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪಿಗೆಯಾಗುತ್ತದೆಯೇ ಎಂಬುದು ಪ್ರಶ್ನೆಯಲ್ಲ; ಅದು ಪ್ರಾಮಾಣಿಕವಾಗಿ, ಮನಸ್ಸಾಕ್ಷಿಪೂರ್ವಕವಾಗಿ ತಳೆದದ್ದೇ ಎಂಬುದೇ ಪ್ರಶ್ನೆ. ನಗಣ್ಯವೆನಿಸುವ ಅಲ್ಪಸಂಖ್ಯಾತರಿಗೂ ಸಂವಿಧಾನದಡಿ ನೆಲೆ ದೊರೆಯುವುದೇ ಪ್ರಜಾಪ್ರಭುತ್ವದ ನಿಜವಾದ ಪರೀಕ್ಷೆಯೆಂದು ತೀರ್ಪು ಹೇಳಿತು. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶವಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಎರಡು ಸಂಗತಿಗಳು. ಮೊದಲನೆಯದು ನಮ್ಮ ಮನವಿಗಳಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆಯನ್ನು ನಮ್ಮ ಧರ್ಮಾಧ್ಯಕ್ಷರು ವಿರೋಧಿಸಿದರು, ಮತ್ತು ಅದು ಯುಕ್ತವಾಗಿತ್ತು. ಆದರೆ 25ನೇ ವಿಧಿಯನ್ನು ನಮ್ಮ ಸಂಕಟದ ವೇಳೆಯಲ್ಲಿ ಮಾತ್ರ ನೆನೆದು, ಅನ್ಯರ ಸಂಕಟದಲ್ಲಿ ಮೌನ ವಹಿಸಿದರೆ, ಹಕ್ಕನ್ನು ಸವಲತ್ತಿನ ಮಟ್ಟಕ್ಕೆ ಇಳಿಸಿದಂತಾಗುತ್ತದೆ. ಸವಲತ್ತನ್ನು ಕೊಟ್ಟವರು ಹಿಂತೆಗೆದುಕೊಳ್ಳಬಲ್ಲರು.

ಎರಡನೆಯದು ನಮ್ಮದೇ ಅಂಗಳಕ್ಕೆ ಸಂಬಂಧಿಸಿದ್ದು. ನಮ್ಮ ಶಾಲೆಗಳಲ್ಲಿ ಇತರ ಧರ್ಮಗಳ ಮಕ್ಕಳು ಅಪಾರ ಸಂಖ್ಯೆಯಲ್ಲಿ ಕಲಿಯುತ್ತಿದ್ದಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಾಗಲಿ ಆರಾಧನೆಯಲ್ಲಾಗಲಿ ಪಾಲ್ಗೊಳ್ಳುವಂತೆ ಮಾಡಬಾರದೆಂದು 28ನೇ ವಿಧಿಯ ಮೂರನೆಯ ಖಂಡ ವಿಧಿಸುತ್ತದೆ. ನಮ್ಮ ಗುರುಮಠಗಳಲ್ಲಿ ಇಂದು ಓದುತ್ತಿರುವವರು ನಾಳೆ ಆ ಶಾಲೆಗಳ ಆಡಳಿತವನ್ನು ಹೊರಲಿದ್ದಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಕೈ ಜೋಡಿಸದೆ, ಯಾರಿಗೂ ಅಡ್ಡಿಪಡಿಸದೆ ಸುಮ್ಮನೆ ನಿಂತ ಮಗುವೊಂದು ಅವರ ಮುಂದೆ ಬಂದೇ ಬರುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಅವರು ಎಷ್ಟರಮಟ್ಟಿಗೆ ಅರಿತಿದ್ದಾರೆಂಬುದು ಆ ಮಗುವನ್ನು ಅವರು ನಡೆಸಿಕೊಳ್ಳುವ ರೀತಿಯಲ್ಲಿ ತಿಳಿದುಬರುತ್ತದೆ.