ಈಚಲು ಹೆಂಡ, ತೆಂಗಿನ ಹೆಂಡ: ಕಾಂಡದ ಕಚ್ಚುಗಳ ಸಾಕ್ಷ್ಯ

ರಾಮನಗರ ಸೀಮೆಯ ಕುಡಿತದ ಚರಿತ್ರೆಗೆ ಕೈಹಾಕಿದವರೆಲ್ಲ ಜಿ.ಪಿ. ರಾಜರತ್ನಂ ಅವರ ‘ಯೆಂಡ್ಕುಡ್ಕ ರತ್ನ’ನನ್ನು ಸಾಕ್ಷಿಗೆ ಕರೆಯುತ್ತಾರೆ. ಕವಿ ಹುಟ್ಟಿದ್ದು ರಾಮನಗರದಲ್ಲಿ, ಅಂದರೆ ಆಗಿನ ಕ್ಲೋಸ್‌ಪೇಟೆಯಲ್ಲಿ. ಆದ್ದರಿಂದ ರತ್ನನ ಹೆಂಡ ಈ ಸೀಮೆಯದು, ಈ ಸೀಮೆಯ ಹೆಂಡವೆಲ್ಲ ಒಂದೇ ಎಂಬುದು ಅವರ ತರ್ಕ. ರಾಜರತ್ನಂ ಹೆಂಡ ಮುಟ್ಟಿದವರಲ್ಲ. ಅವರ ರತ್ನ ಪಡಖಾನೆಯ ಗಿರಾಕಿ. ಮಾಲು ಗುತ್ತಿಗೆದಾರನ ಅಂಗಡಿ ಸೇರಿದ ಮೇಲೆ ಅದು ಯಾವ ಮರದ್ದೆಂದು ಕೇಳುವವರಾರು? ಈಚಲಿನದಕ್ಕೂ ತೆಂಗಿನದಕ್ಕೂ ರುಚಿ ಬೇರೆಯೇ ಎಂಬ ಪ್ರಶ್ನೆಗೆ ರತ್ನನ ಪದಗಳಲ್ಲಿ ಉತ್ತರವಿಲ್ಲ. (ಹೀಗೆಂದರೆ ಮುನಿಯುವ ಸಾಹಿತ್ಯಮಿತ್ರರಿದ್ದಾರೆ. ನಾನೂ ರತ್ನನ ಪಕ್ಷದವನೇ.)

ಉತ್ತರವಿರುವುದು ಈಚಲು ಮರದ ಮೈಮೇಲೆ. ಮಾಗಡಿ, ಕನಕಪುರದ ಕಡೆ ಹಳ್ಳದ ದಂಡೆಗಳಲ್ಲಿ ಉಳಿದಿರುವ ಹಳೆಯ ಈಚಲುಗಳ ಕಾಂಡ ಎಡಕ್ಕೊಂದು ಬಲಕ್ಕೊಂದು ಕಚ್ಚು ಬಿದ್ದು ಅಂಕುಡೊಂಕಾಗಿರುತ್ತದೆ. ಇವು ಹತ್ತಲು ಕಡಿದ ಮೆಟ್ಟಿಲುಗಳೆಂದು ಹಿಂದಿನ ಸಂಶೋಧಕರೊಬ್ಬರು ಬರೆದರು. ಮಿಕ್ಕವರು ಹಾಗೆಯೇ ಎತ್ತಿಕೊಂಡರು. ತೋಪಿಗೆ ಹೋಗಿ ನೋಡಿದವರು ಕಡಿಮೆ. ಮೆಟ್ಟಿಲಾಗಿದ್ದರೆ ನೆಲದಿಂದಲೇ ಶುರುವಾಗಿ ಕಾಲಳತೆಗೆ ಸಮನಾಗಿ ಇರಬೇಕಿತ್ತು. ಈ ಕಚ್ಚುಗಳ ಅಂತರ ಒಂದೇ ಸಮ ಇಲ್ಲ.

ಈಚಲಿನಲ್ಲಿ ರಸ ಇಳಿಸುವುದು ಸುಳಿಯ ಕೆಳಗೆ, ಕಾಂಡದಿಂದಲೇ. ಒಂದು ಮಗ್ಗುಲಿನ ಗರಿ ಸವರಿ, ಮೈ ಹೆರೆದು, ಗಾಯದ ಬಾಯಿಗೆ ಬಿದಿರಿನ ತೂಬು ಸಿಕ್ಕಿಸಿ ಮಡಕೆ ಕಟ್ಟುತ್ತಾರೆ. ಮುಂದಿನ ಸುಗ್ಗಿಗೆ ಎದುರು ಮಗ್ಗುಲು. ಮರ ಮೇಲಕ್ಕೆ ಬೆಳೆದಂತೆ ಹಳೆಯ ಗಾಯ ಕೆಳಗೆ ಉಳಿಯುತ್ತದೆ. ಒಂದು ಕಚ್ಚು, ಒಂದು ಸುಗ್ಗಿ. ಏರುವವನು ಅದರಲ್ಲಿ ಕಾಲೂರುತ್ತಾನೆ ನಿಜ. ಕಾಲೂರಲೆಂದು ಅದನ್ನು ಕೆತ್ತಿದ್ದಲ್ಲ. ತೆಂಗಿನಲ್ಲಿ ಇದು ತಿರುಗುಮುರುಗು: ಕಾಂಡದ ಕಚ್ಚು ಅಲ್ಲಿ ಮೆಟ್ಟಿಲೇ. ಹೆಂಡ ಬರುವುದು ಬಿರಿಯದ ಹೊಂಬಾಳೆಯನ್ನು ಬಿಗಿದು, ಬಡಿದು, ತುದಿ ಕೊಯ್ದಾಗ; ಹೊಂಬಾಳೆ ಒಣಗಿ ಬಿದ್ದ ಮೇಲೆ ಗುರುತೇ ಇಲ್ಲ. ತೆಂಗನ್ನು ಬಲ್ಲವರು ಈಚಲನ್ನು ಓದಿದ್ದರಿಂದ ಆದ ಎಡವಟ್ಟು ಇದು.

ಈಚಲಿನ ಕಾಂಡದಲ್ಲಿ ಕಚ್ಚಿಲ್ಲದ ನುಣುಪು ಭಾಗಗಳನ್ನು, ಅಂದರೆ ರಸ ಇಳಿಸದ ಸುಗ್ಗಿಗಳನ್ನು, ಟಿಪ್ಪುವಿನ ಪಾನನಿಷೇಧದವರೆಗೆ ಎಳೆಯುವವರಿಗೆ ಒಂದೇ ಮಾತು: ಯಾವ ಈಚಲೂ ಅಷ್ಟು ಕಾಲ ಬಾಳುವುದಿಲ್ಲ. ಅದು ಬರಗಾಲವಿರಬಹುದು, ಗುತ್ತಿಗೆ ಹೋಗದ ವರ್ಷವಿರಬಹುದು, ಮರಕ್ಕೆ ಕೊಟ್ಟ ಬಿಡುವೂ ಇರಬಹುದು.

ರುಚಿ, ಸಂದರ್ಭಗಳ ಭೇದ ರಸ ಇಳಿಸುವ ಈ ಎರಡು ಬಗೆಗಳಿಂದಲೇ ಹುಟ್ಟುತ್ತದೆ. ಈಚಲಿನದು ಸುಗ್ಗಿಯ ಪೇಯ. ಚಳಿಯ ರಾತ್ರಿ ಹುಳಿಯುವುದು ನಿಧಾನ. ಮುಂಜಾನೆ ಇಳಿಸಿದ್ದು ತಿಳಿಯಾಗಿ, ಸಿಹಿಯಾಗಿ, ನಾಲಗೆಗೆ ಹಗುರಾಗಿರುತ್ತದೆ. ಬಿಸಿಲೇರಿದರೆ ಅದೇ ಮಡಕೆ ನೊರೆಯುಕ್ಕಿಸುತ್ತದೆ, ಮರುದಿನಕ್ಕೆ ವಿನೆಗರ್‌ನ ದಾರಿ. ಹಾಗಾಗಿ ಅದನ್ನು ಮರದ ಬುಡದಲ್ಲೇ ಕುಡಿಯಬೇಕು. ಚನ್ನಪಟ್ಟಣದಿಂದ ಮದ್ದೂರಿನತ್ತ ತೋಟಗಳ ತೆಂಗಿನ ಹೆಂಡ ಹಾಲುಬಿಳುಪು, ಘಾಟು ಹೆಚ್ಚು. ಬೇಸಿಗೆ, ಮಳೆ ಎನ್ನದೆ ದಿನಕ್ಕೆರಡು ಸಲ ಇಳಿಯುತ್ತದೆ. ಸಂಜೆಯ ಅಂಗಡಿಗೆ, ಮಾರಿಹಬ್ಬಕ್ಕೆ, ತಿಥಿಯ ಎಡೆಗೆ ಬೇಕೆಂದಾಗ ಒದಗುತ್ತಿದ್ದುದು ಇದೇ. ಆದರೆ ಕೊಯ್ದ ಹೊಂಬಾಳೆಯಲ್ಲಿ ಕಾಯಿ ಕಟ್ಟುವುದಿಲ್ಲ. ತೋಟದ ಯಜಮಾನನಿಗೆ ಅದು ಲೆಕ್ಕದ ಮಾತು. ನನ್ನ ತೀರ್ಪು ಕೇಳಿದರೆ ರುಚಿಗೆ ಈಚಲು, ಕೂಟಕ್ಕೆ ತೆಂಗು.

ಇದನ್ನು ಅತಿಸೂಕ್ಷ್ಮವೆಂದು ನಗುವವರು ಐರ್ಲೆಂಡಿನತ್ತ ನೋಡಲಿ. 1759ರ ಡಬ್ಲಿನ್ನಿನ ಗಿನ್ನೆಸ್, 1856ರ ಕಾರ್ಕ್‌ನ ಮರ್ಫೀಸ್ ಎರಡೂ ಕಪ್ಪು ಬಾರ್ಲಿ ಬಿಯರ್; ಮದ್ಯಾಂಶ ಎರಡರಲ್ಲೂ ಶೇಕಡಾ 4ರ ಆಸುಪಾಸು. ಆದರೂ ಒಂದರ ಕಹಿ, ಇನ್ನೊಂದರ ಮೃದುತನ ಕುರಿತು ಅಲ್ಲಿಯವರ ವಾದ ಮುಗಿದಿಲ್ಲ. ನಮ್ಮ ಹೆಂಡಗಳಿಗಾದರೋ ಮರವೇ ಬೇರೆ.

2007ರ ಜುಲೈ 1ರಿಂದ ಸಾರಾಯಿ ನಿಂತಿತು. ಹೆಂಡದ ಅಂಗಡಿಗಳೂ ಈ ಸೀಮೆಯಲ್ಲಿ ಈಗಿಲ್ಲ. ಈಗ ಈಚಲು ಮರವೂ ಲೇಔಟುಗಳಿಗೆ, ರಸ್ತೆ ಅಗಲೀಕರಣಕ್ಕೆ ಉರುಳುತ್ತಿದೆ. ಊರಿನಲ್ಲಿ ಕಚ್ಚುಬಿದ್ದ ಈಚಲು ಕಂಡವರು ಬುಡದಿಂದ ಸುಳಿಯವರೆಗೆ ಎರಡೂ ಮಗ್ಗುಲಿನ ಫೋಟೋ ತೆಗೆದು, ಕಚ್ಚುಗಳನ್ನು ಎಣಿಸಿ, ಸರ್ವೆ ನಂಬರಿನೊಂದಿಗೆ ಬರೆದಿಡಬೇಕೆಂದು ಕೋರುತ್ತೇನೆ.