ಚೌಡಿಕೆಯ ತಂತಿ, ರಾಕ್ ಗಿಟಾರು: ಮಲಪ್ರಭೆಯ ಸೀಮೆಯಿಂದ ಒಂದು ನಾದಚರಿತ್ರೆ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಜನ ಕೂಡಿದಾಗ ‘ಉಧೋ ಉಧೋ’ ಎಂಬ ಕೂಗಿನ ಬೆನ್ನಿಗೇ ಕೇಳಿಬರುವುದು ಚೌಡಿಕೆಯ ನಾದ. ಒಳಗೆ ಪೊಳ್ಳಾದ ಒಂದು ಕೊಳಗ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಪಕ್ಕಕ್ಕೆ ಜೋಡಿಸಿದ ಒಂದು ಕೋಲು, ಕೋಲಿನ ತುದಿಯಲ್ಲಿ ಬಿರಡೆ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ ಕೊಳಗದೊಳಗಿಂದ ಹಾಯ್ದು ಬಿರಡೆಯನ್ನು ಸೇರುತ್ತದೆ. ಕಂಕುಳಲ್ಲಿ ಅವಚಿಕೊಂಡು ಮೀಟುತ್ತ ಜೋಗತಿಯರು, ಜೋಗಪ್ಪಗಳು ಎಲ್ಲಮ್ಮನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಈ ಒಂಟಿ ತಂತಿಯ ವಾದ್ಯಕ್ಕೂ ಜಿಮಿ ಹೆಂಡ್ರಿಕ್ಸ್‌ನ ವಿದ್ಯುತ್ ಗಿಟಾರಿಗೂ ನಾದದ ನೆಲೆಯಲ್ಲಿ ಒಂದು ನಿಜವಾದ ನಂಟಿದೆ ಎಂಬುದು ಈ ಲೇಖನದ ವಾದ. ಒಬ್ಬರಿಂದ ಒಬ್ಬರು ಕಲಿತ ನಂಟಲ್ಲ ಇದು; ತಂತಿಯಿಂದ ಏನನ್ನು ಹೊರಡಿಸಬೇಕು ಎಂಬ ಹಂಬಲದಲ್ಲಿ ಇಬ್ಬರೂ ಒಂದೇ ಜಾಗಕ್ಕೆ ಬಂದು ನಿಂತಿದ್ದಾರೆ.

ರಾಕ್ ಗಿಟಾರ್ ವಾದಕರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶ್ರೇಷ್ಠರ ಪಟ್ಟಿ ಮಾಡುತ್ತಾರೆ. ಯಾರ ಬೆರಳು ಎಷ್ಟು ಚುರುಕು, ಯಾರ ಧ್ವನಿಮುದ್ರಿಕೆ ಎಷ್ಟು ಮಾರಾಟವಾಯಿತು ಎಂಬುದೇ ಅಲ್ಲಿ ಅಳತೆಗೋಲು. ಈ ಅಳತೆಯಿಂದ ಸಂಗೀತದ ಚರಿತ್ರೆ ತಿಳಿಯುವುದಿಲ್ಲ. ವೇಗ ಒಂದು ತಲೆಮಾರಿನಲ್ಲಿ ಹಳತಾಗುತ್ತದೆ; ಹೊಸದೊಂದು ದನಿ ಹುಟ್ಟಿದರೆ ಕೇಳುವ ಕಿವಿಯೇ ಬದಲಾಗುತ್ತದೆ. ಆ ಬದಲಾವಣೆಯನ್ನು ತೂಗಿನೋಡಲು ತಂತಿವಾದ್ಯಗಳ ನಾದವನ್ನು ಬೇರೆ ರೀತಿಯಲ್ಲಿ ಕೇಳಿದ ಸೀಮೆಯೊಂದರಿಂದ ಹೊರಡುವುದು ಒಳ್ಳೆಯದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆ ಅಂಥದ್ದು.

ಮಲಪ್ರಭೆಯ ದಂಡೆಯ ಸಂಗೊಳ್ಳಿಯ ಹೆಸರು ನಾಡಿಗೆಲ್ಲ ತಿಳಿದಿರುವುದು ರಾಯಣ್ಣನಿಂದ. 1831ರಲ್ಲಿ ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದ ಮೇಲೆ ಆತನ ಬದುಕನ್ನು ಜನರ ನೆನಪಿನಲ್ಲಿ ಉಳಿಸಿದ್ದು ಲಾವಣಿಕಾರರು. ಜಾನ್ ಫೇತ್‌ಫುಲ್ ಫ್ಲೀಟ್ ಈ ಭಾಗದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ ರಾಯಣ್ಣನ ಲಾವಣಿಯೂ ಅವುಗಳಲ್ಲಿತ್ತು. ಫ್ಲೀಟ್ ಪಠ್ಯವನ್ನು ಉಳಿಸಿಕೊಟ್ಟರು, ಅದು ದೊಡ್ಡ ಉಪಕಾರ. ಆದರೆ ಲಾವಣಿ ಬರಿಯ ಪಠ್ಯವಲ್ಲ. ಲಾವಣಿ ಮತ್ತು ಗೀಗೀ ಮೇಳಗಳಲ್ಲಿ ಡಪ್ಪಿನ ಜತೆಗೆ ತುಂತುಣಿ ಇರುತ್ತದೆ. ಅದೂ ಚೌಡಿಕೆಯ ಬಳಗದ್ದೇ: ಒಂದೇ ತಂತಿ, ಚರ್ಮದಿಂದ ಎದ್ದು ಬಿರಡೆಗೆ ಹೋಗುವಂಥದ್ದು. ಹಾಡುಗಾರನಿಗೆ ಅದು ಶ್ರುತಿಯನ್ನೂ ಕೊಡುತ್ತದೆ, ಲಯವನ್ನೂ ಕೊಡುತ್ತದೆ.

ಈ ವಾದ್ಯಗಳ ರಚನೆಯಲ್ಲಿ ಒಂದು ವಿಶೇಷವಿದೆ. ಸಿತಾರ್, ವೀಣೆ, ಗಿಟಾರುಗಳಲ್ಲಿ ತಂತಿ ನಾದಫಲಕಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹರಿಯುತ್ತದೆ, ಕುದುರೆಯ ಮೂಲಕ ಕಂಪನವನ್ನು ಫಲಕಕ್ಕೆ ದಾಟಿಸುತ್ತದೆ. ಚೌಡಿಕೆ, ತುಂತುಣಿಗಳಲ್ಲಿ ಕುದುರೆ ಇಲ್ಲ. ತಂತಿ ಚರ್ಮದ ಮೇಲೆ ನೆಟ್ಟಗೆ ನಿಂತಿದೆ. ಮೀಟಿದ ತಂತಿ ಎಡಕ್ಕೆ ಬಾಗಿದಾಗ ಅದರ ಬಿಗಿತ ಹೆಚ್ಚಿ ಚರ್ಮವನ್ನು ಸೆಳೆಯುತ್ತದೆ. ನಡುವಿಗೆ ಬಂದಾಗ ಸಡಿಲಬಿಡುತ್ತದೆ. ಬಲಕ್ಕೆ ಬಾಗಿದಾಗ ಮತ್ತೆ ಅದೇ ಸೆಳೆತ. ಎಡವೋ ಬಲವೋ ಎಂಬುದು ಚರ್ಮಕ್ಕೆ ತಿಳಿಯುವುದಿಲ್ಲ, ಎರಡೂ ಸಲ ಅದು ಒಂದೇ ದಿಕ್ಕಿಗೆ ಅಲುಗುತ್ತದೆ. ಹೀಗಾಗಿ ತಂತಿ ಒಂದು ಸಲ ತೂಗಿ ಬರುವಷ್ಟರಲ್ಲಿ ಚರ್ಮ ಎರಡು ಸಲ ಅಲುಗಿರುತ್ತದೆ. ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ ಚರ್ಮದಿಂದ 200 ಕಂಪನಗಳ ಸ್ವರ, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರ, ಬಲವಾಗಿ ಹೊರಡುತ್ತದೆ. ಚೌಡಿಕೆಯ ದನಿ ಗಾತ್ರಕ್ಕೆ ಮೀರಿ ತೀಕ್ಷ್ಣವಾಗಿ ಜಾತ್ರೆಯ ಗದ್ದಲವನ್ನು ಸೀಳಿಕೊಂಡು ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ಈಗ 1967ಕ್ಕೆ, ಲಂಡನ್ನಿಗೆ. ಬ್ರಿಟಿಷ್ ನೌಕಾಪಡೆಯ ಇಲಾಖೆಯಲ್ಲಿ ಧ್ವನಿವಿಜ್ಞಾನದ ಕೆಲಸ ಮಾಡಿದ್ದ ರೋಜರ್ ಮೇಯರ್ ಎಂಬ ಎಂಜಿನಿಯರ್ ಹೆಂಡ್ರಿಕ್ಸ್‌ನಿಗಾಗಿ ‘ಆಕ್ಟೇವಿಯಾ’ ಎಂಬ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟ. ಗಿಟಾರಿನಿಂದ ಬರುವ ವಿದ್ಯುತ್ ಅಲೆ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುತ್ತದೆ. ಆ ಪೆಟ್ಟಿಗೆಯ ಮಂಡಲ ಕೆಳಗಿಳಿದ ಅರ್ಧವನ್ನು ಮಗುಚಿ ಮೇಲ್ಮುಖ ಮಾಡುತ್ತದೆ. ಒಂದು ಅಲೆಗೆ ಒಂದೇ ಶಿಖರವಿದ್ದಲ್ಲಿ ಎರಡಾಗುತ್ತವೆ; ಮೇಲಿನ ಸ್ಥಾಯಿಯ ಸ್ವರ ಸಿಡಿದು ಬರುತ್ತದೆ. ‘ಪರ್ಪಲ್ ಹೇಜ್’ ಹಾಡಿನ ಗಿಟಾರ್ ಭಾಗದಲ್ಲಿ ಅದನ್ನು ಕೇಳಿದ ಜನ ಹಿಂದೆಂದೂ ಕೇಳದ ದನಿ ಎಂದು ಬೆರಗಾದರು. ಚೌಡಿಕೆಯ ಚರ್ಮ ಮಾಡುವ ಕೆಲಸವೂ ಗಣಿತದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇದೇ. ಅಲ್ಲಿ ವಿದ್ಯುನ್ಮಂಡಲ, ಇಲ್ಲಿ ಬಿಗಿದ ಚರ್ಮ. ಎರಡೂ ಅಲೆಯ ಒಂದು ಮಗ್ಗುಲನ್ನು ಇನ್ನೊಂದರ ಕಡೆಗೆ ಮಗುಚುತ್ತವೆ. ಮೇಯರ್ ಆಗಲಿ ಹೆಂಡ್ರಿಕ್ಸ್ ಆಗಲಿ ಸವದತ್ತಿಯ ಕಡೆ ನೋಡಿದವರಲ್ಲ, ನೋಡಬೇಕಾದ ಅಗತ್ಯವೂ ಇರಲಿಲ್ಲ. ಹೆಂಡ್ರಿಕ್ಸ್‌ನ ಹಿರಿಮೆ ಇದರಿಂದ ಎಳ್ಳಷ್ಟೂ ಕುಗ್ಗುವುದಿಲ್ಲ. ಜಾನಪದ ವಾದ್ಯವೆಂದರೆ ಒರಟು, ಅಪಕ್ವ ಎಂದು ಬರೆಯುತ್ತ ಬಂದ ನಮ್ಮ ಪುಸ್ತಕಗಳನ್ನು ಮಾತ್ರ ತಿದ್ದಬೇಕಾಗುತ್ತದೆ.

ರಾಕ್ ಗಿಟಾರಿನ ಎರಡನೆಯ ದೊಡ್ಡ ಕೊಡುಗೆ ತಂತಿಯನ್ನು ಜಗ್ಗಿ ಸ್ವರವನ್ನು ಬಾಗಿಸುವುದು. ಗಿಟಾರಿನ ಮೆಟ್ಟಿಲುಗಳು ಅಲುಗದಂತೆ ಕೂಡಿಸಿದವು. ಸ್ವರದಿಂದ ಸ್ವರಕ್ಕೆ ನೆಗೆಯಬೇಕೇ ಹೊರತು ಜಾರುವಂತಿಲ್ಲ. ಈ ಕಟ್ಟನ್ನು ಮೊದಲು ಸಡಿಲಿಸಿದ್ದು ಮಡಿಲಲ್ಲಿಟ್ಟ ಗಿಟಾರಿನ ಮೇಲೆ ಉಕ್ಕಿನ ತುಂಡನ್ನು ಜಾರಿಸುವ ಹವಾಯಿ ದ್ವೀಪಗಳ ಪದ್ಧತಿ. 1932ರ ಸುಮಾರಿಗೆ ಮಾರುಕಟ್ಟೆಗೆ ಬಂದ ಮೊದಲ ವಿದ್ಯುತ್ ಗಿಟಾರು, ಜನ ‘ಫ್ರೈಯಿಂಗ್ ಪ್ಯಾನ್’ ಎಂದು ಕರೆದ ರಿಕನ್‌ಬ್ಯಾಕರ್, ಆ ಪದ್ಧತಿಗಾಗಿಯೇ ತಯಾರಾದದ್ದು. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ (1925–2015) ತನ್ನ ಬಂಧು ಬುಕಾ ವೈಟ್ ಜಾರಿಸಿ ನುಡಿಸುತ್ತಿದ್ದ ನಾದವನ್ನು ಬರಿ ಬೆರಳಲ್ಲಿ ತರಲು ಹೊರಟು, ಎಡಗೈಯ ನಡುಕದಿಂದ ತಂತಿಗೆ ಮನುಷ್ಯನ ಕೊರಳನ್ನು ಕೊಟ್ಟ. ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಹೆಂಡ್ರಿಕ್ಸ್ ಎಲ್ಲರೂ ಆ ದಾರಿಯಲ್ಲಿ ನಡೆದವರು. ನನ್ನ ಮಟ್ಟಿಗೆ ಈ ಪರಂಪರೆಯಲ್ಲಿ ತಂತಿಯನ್ನು ಎಲ್ಲರಿಗಿಂತ ಆಳವಾಗಿ ಹಾಡಿಸಿದವನು ಬೆಕ್ (1944–2023).

ಧಾರವಾಡದ ಕಿವಿಗೆ ಇದು ಹೊಸದಲ್ಲ. ಬೀನ್‌ಕಾರ್ (ರುದ್ರವೀಣೆ ವಾದಕ) ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಧಾರವಾಡದಲ್ಲಿ ನೆಲೆನಿಂತು ಸಿತಾರಿಗೆ ಖರಜದ ತಂತಿ ಕೂಡಿಸಿ ಅದರ ಹರವನ್ನು ಕೆಳಗಿನ ಸ್ಥಾಯಿಗೆ ಇಳಿಸಿದರು. ಅವರ ಮಗ ಅಬ್ದುಲ್ ಕರೀಮ್ ಖಾನ್, ಮೊಮ್ಮಗ ಬಾಲೇ ಖಾನ್ (1942–2007) ಆ ಮನೆತನದ ವಾದನವನ್ನು ಮುಂದುವರಿಸಿದರು. ಸಿತಾರಿನ ಎತ್ತರವಾದ, ಕಮಾನಿನಂಥ ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದರೆ ಒಂದೇ ಮೀಟಿನಲ್ಲಿ ನಾಲ್ಕೈದು ಸ್ವರ ದಾಟಬಹುದು. ಗಿಟಾರಿನಲ್ಲಿ ಒಂದೆರಡು ಸ್ವರ ದಾಟುವುದೇ ದೊಡ್ಡದು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಂಥವರನ್ನು ಕೊಟ್ಟ ನೆಲದಲ್ಲಿ ಸ್ವರದಿಂದ ಸ್ವರಕ್ಕೆ ಹೀಗೆ ಜಾರುವ ಮೀಂಡ್ ಎಂಬುದು ಅಲಂಕಾರವಲ್ಲ, ರಾಗದ ಉಸಿರು.

ನಮ್ಮ ಶಾಸ್ತ್ರೀಯ ತಂತಿವಾದ್ಯಗಳಿಗೂ ರಾಕ್ ಗಿಟಾರಿಗೂ ನಡುವಿನ ಕೊಡು-ಕೊಳ್ಳುವಿಕೆಗೆ ದಾಖಲೆಗಳೂ ಇವೆ. 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ‘ಹಾರ್ಟ್ ಫುಲ್ ಆಫ್ ಸೋಲ್’ ಹಾಡಿಗೆ ಮೊದಲು ಸಿತಾರ್ ವಾದಕರನ್ನೇ ಕರೆಸಿತ್ತು. ಅದು ಹೊಂದದೆ ಹೋದಾಗ ಆ ತಂಡದಲ್ಲಿದ್ದ ಬೆಕ್ ಅದೇ ನಾದವನ್ನು ಗಿಟಾರಿನಲ್ಲಿ ಹೊರಡಿಸಿದ. ಅದೇ ವರ್ಷ ಜಾರ್ಜ್ ಹ್ಯಾರಿಸನ್ ಬೀಟಲ್ಸ್‌ನ ‘ನಾರ್ವೇಜಿಯನ್ ವುಡ್’ಗೆ ಸಿತಾರ್ ನುಡಿಸಿದ. 1966ರಲ್ಲಿ ಮುಂಬಯಿಗೆ ಬಂದು ರವಿಶಂಕರರ ಬಳಿ ಕಲಿಯಲು ಕುಳಿತ. ಮುಂದೆ ಗಿಟಾರಿಗೆ ಮರಳಿದ ಹ್ಯಾರಿಸನ್ ಜಾರುಪದ್ಧತಿಯಲ್ಲಿ ನುಡಿಸಿದ ಸ್ವರಗಳಲ್ಲಿ ಸಿತಾರಿನ ಪಾಠ ಕೇಳಿಸುತ್ತದೆ. ಜಾನ್ ಮೆಕ್‌ಲಾಫ್ಲಿನ್ ಇನ್ನೂ ಮುಂದೆ ಹೋದ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತು, 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜತೆ ‘ಶಕ್ತಿ’ ಕಟ್ಟಿದಾಗ ಆತ ಹಿಡಿದದ್ದು ಮೆಟ್ಟಿಲುಗಳ ನಡುವಿನ ಮರವನ್ನು ತೋಡಿ ತೆಗೆದ, ಅನುರಣನದ ತಂತಿಗಳಿದ್ದ ಗಿಟಾರು. ವೀಣೆಯ ಗಮಕಕ್ಕಾಗಿ ಗಿಟಾರಿನ ಮೈಯನ್ನೇ ಕೆತ್ತಿಸಿದವನು ಆತ.

1977ರಲ್ಲಿ ವಾಯೇಜರ್ ನೌಕೆಗಳ ಜತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಧ್ವನಿತಟ್ಟೆಯನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿ ಚಕ್ ಬೆರಿಯ ಗಿಟಾರ್ ಮೊಳಗುವ ‘ಜಾನಿ ಬಿ. ಗುಡ್’ (1958) ಇದೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತವರು ನಮ್ಮ ಮಲ್ಲಿಕಾರ್ಜುನ ಮನ್ಸೂರರು. ರಾಕ್ ಗಿಟಾರಿನ ಮೂಲಪುರುಷನೊಬ್ಬನೂ ಮನ್ಸೂರರ ಗುರುಪರಂಪರೆಯ ಗಾಯಕಿಯೂ ಒಂದೇ ತಟ್ಟೆಯಲ್ಲಿ ಸೌರಮಂಡಲದಾಚೆ ಸಾಗುತ್ತಿದ್ದಾರೆ.

ತಂತಿಯ ಬಿಗಿತದ ಕಥೆಯಲ್ಲಿ ಗಿಟಾರ್ ವಾದಕ ಟೋನಿ ಐಯೋಮಿಯನ್ನು ಬಿಡುವಂತಿಲ್ಲ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿಗಳನ್ನು ಕಳೆದುಕೊಂಡ ಆತ ಬೆರಳಿಗೆ ತೊಡಿಸಿಕೊಳ್ಳುವ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿ ಹಾಕಿ, 1971ರ ಹೊತ್ತಿಗೆ ಶ್ರುತಿಯನ್ನೇ ಇಳಿಸಿಬಿಟ್ಟ. ಸಡಿಲಾದ ತಂತಿಯ ಆ ಭಾರವಾದ ದನಿ ಹೆವಿ ಮೆಟಲ್ ಎಂಬ ಇಡೀ ಪ್ರಕಾರಕ್ಕೆ ಮೈಕೊಟ್ಟಿತು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನೆರೆದ ಜನಸಾಗರ ಕೇಳಿದ್ದು ಆ ವಂಶದ ಸಂಗೀತವನ್ನೇ.

ಆದರೆ ಬೆಂಗಳೂರಿನ ಮೈದಾನಕ್ಕೆ ಮೊದಲೇ ಗಿಟಾರು ಕನ್ನಡಕ್ಕೆ ಬಂದಿತ್ತು. ಬಂದದ್ದು ಸಿನಿಮಾದ ದಾರಿಯಲ್ಲಿ. ‘ಬಂಗಾರದ ಮನುಷ್ಯ’ದ (1972) ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು ಇಳಯರಾಜ. ಅದೇ ಇಳಯರಾಜ 1981ರಲ್ಲಿ ಶಂಕರ್ ನಾಗ್ ಅವರ ‘ಗೀತಾ’ಕ್ಕೆ ಸಂಗೀತ ಕೊಟ್ಟರು. ಆ ಚಿತ್ರದ ಹಾಡುಗಳಿಂದ ಗಿಟಾರು ಕನ್ನಡ ಯೌವನದ ಗುರುತೇ ಆಯಿತು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ನಂಥ ತಂಡಗಳು ಇಂಗ್ಲಿಷಿನಲ್ಲಿ ಹಾಡಿ ಹೆಸರು ಮಾಡಿದವು. ಕನ್ನಡ ಪದಕ್ಕೆ ರಾಕ್ ಗಿಟಾರಿನ ಬಲ ಕೂಡಿಸುವ ಕೆಲಸ ಆಗಬೇಕಿತ್ತು.

ಅದನ್ನು ಎಲ್ಲರಿಗೂ ಕೇಳುವಂತೆ ಮಾಡಿದವರು ರಘು ದೀಕ್ಷಿತ್. 2008ರ ಅವರ ಮೊದಲ ಧ್ವನಿಸಂಪುಟದಲ್ಲಿ ಶಿಶುನಾಳ ಶರೀಫರ (1819–1889) ‘ಗುಡುಗುಡಿಯ ಸೇದಿ ನೋಡೋ’ ಗಿಟಾರು, ಡ್ರಮ್ಮುಗಳ ಜತೆ ಬಂತು. ಅದೇ ವರ್ಷದ ‘ಸೈಕೊ’ ಚಿತ್ರದಲ್ಲಿ ಮಾದೇಶ್ವರನ ಹಾಡು ಹೊಸ ಮೈತೊಟ್ಟಿತು. ಏಕತಾರಿಯ ಜತೆ ಊರ ಗುಡಿಯ ಕಟ್ಟೆಯಲ್ಲಿ ಕೇಳುತ್ತಿದ್ದ ತತ್ವಪದ ಇಂಗ್ಲೆಂಡಿನ ವೇದಿಕೆಗಳಿಗೂ ಹೋಯಿತು. ಮಡಿವಂತರು ಇದನ್ನು ಕೆಡಿಸಿದ್ದು ಎಂದರು. ನಾನು ಒಪ್ಪುವುದಿಲ್ಲ. ಶರೀಫರ ಪದ ಸಿ. ಅಶ್ವತ್ಥ್ ಅವರ ಹಾರ್ಮೋನಿಯಮ್ಮಿಗೂ ಒಗ್ಗಿತು, ಗಿಟಾರಿಗೂ ಒಗ್ಗಿತು. ಗಟ್ಟಿಯಾದ ಪದಕ್ಕೆ ಅಷ್ಟು ಶಕ್ತಿ ಇರುತ್ತದೆ. ನನ್ನ ತಕರಾರು ಬೇರೆ. ಈ ಕೂಡಿಕೆಯಲ್ಲಿ ಜಾನಪದದಿಂದ ನಾವು ಪದವನ್ನೂ ಮಟ್ಟನ್ನೂ ತೆಗೆದುಕೊಂಡೆವು, ವಾದ್ಯದ ನಾದವನ್ನು ಬಿಟ್ಟುಬಂದೆವು. ಹ್ಯಾರಿಸನ್, ಮೆಕ್‌ಲಾಫ್ಲಿನ್ ನಮ್ಮ ಶಾಸ್ತ್ರೀಯ ವಾದ್ಯಗಳ ಮುಂದೆ ಶಿಷ್ಯರಾಗಿ ಕುಳಿತು ಕಲಿತರು. ಚೌಡಿಕೆಯ ಮುಂದೆ ನಮ್ಮ ಗಿಟಾರ್ ವಾದಕರು ಹಾಗೆ ಕುಳಿತು ಕಲಿಯುವ ಪರಂಪರೆ ಬೆಳೆಯಲಿಲ್ಲ.

ಇದಕ್ಕೆ ಕಾರಣ ಸಾಮಾಜಿಕವೂ ಹೌದು. ಚೌಡಿಕೆ ಜೋಗತಿಯರ ಕೈಯಲ್ಲಿ ಉಳಿದ ವಾದ್ಯ. ಅದರ ಹಿಂದೆ ದೇವದಾಸಿ ಪದ್ಧತಿಯ ನೋವಿದೆ. 1982ರ ಕರ್ನಾಟಕದ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿತು, ಅದು ಆಗಲೇಬೇಕಾಗಿದ್ದ ಕೆಲಸ. ಹೆಣ್ಣುಮಕ್ಕಳಿಗೆ ಮುತ್ತುಕಟ್ಟಿ ದೇವರಿಗೆ ಬಿಡುವುದು ನಿಲ್ಲಬೇಕು, ಅವರ ವಿದ್ಯೆ ಉಳಿಯಬೇಕು. ಇವೆರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಜೋಗತಿ ಕಲೆಯನ್ನು ಗೌರವದ ರಂಗಕ್ಕೆ ತಂದು 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರೇ ಸಾಕ್ಷಿ.

ಸಂಶೋಧಕರು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಚೌಡಿಕೆ, ತುಂತುಣಿಗಳ ಪದಗಳನ್ನು ಬರೆದುಕೊಂಡರೆ ಸಾಲದು. ಚರ್ಮದ ಬಿಗಿತ, ತಂತಿಯ ದಪ್ಪ, ಕೊಳಗದ ಅಳತೆ, ಮೀಟುವ ರೀತಿಗಳನ್ನು ದಾಖಲಿಸಬೇಕು. ಒಳ್ಳೆಯ ಧ್ವನಿಮುದ್ರಣ ಮಾಡಿ ಕಂಪನಗಳನ್ನು ಅಳೆಯಬೇಕು. ವಾದ್ಯ ಕಟ್ಟುವವರ ಮಾತನ್ನು ಕೇಳಬೇಕು, ನುಡಿಸುವವರಿಗೆ ಗುರುದಕ್ಷಿಣೆ ಸಲ್ಲಬೇಕು. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಕ್ಕೆ ಸವದತ್ತಿ ದೂರವಿಲ್ಲ. ಜನವರಿಯಲ್ಲಿ ನಡೆಯುವ ಸಂಗೊಳ್ಳಿ ಉತ್ಸವದಲ್ಲಿ, ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಗಿಟಾರು, ಕೀಬೋರ್ಡುಗಳ ರಸಮಂಜರಿಗೆ ವೇದಿಕೆ ಸಿಗುತ್ತದೆ, ಸಿಗಲಿ. ಅದೇ ವೇದಿಕೆಯ ಮೇಲೆ, ಅದೇ ಹೊತ್ತಿನಲ್ಲಿ, ಒಳ್ಳೆಯ ಮೈಕಿನ ಮುಂದೆ ಚೌಡಿಕೆಯವರನ್ನೂ ಕೂಡಿಸಿ. ಗಿಟಾರ್ ಹಿಡಿದ ಹುಡುಗರನ್ನು ಅವರ ಪಕ್ಕದಲ್ಲಿ ಕೂಡಿಸಿ ಎಂದು ಉತ್ಸವ ಸಮಿತಿಗಳನ್ನು ಕೇಳಿಕೊಳ್ಳುತ್ತೇನೆ.